ನಾಳೆ ಅವಳ ಹಲ್ಲು, ಇವತ್ತು ನನ್ನ ಬಾಯಿ

2025 ಮಾರ್ಚ್ 12, ಬುಧವಾರ ರಾತ್ರಿ

ನಾಳೆ ಬೆಳಗ್ಗೆ ಮಗಳನ್ನು ಮೊದಲ ಸಲ ಹಲ್ಲಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು. ಮಧ್ಯಾಹ್ನ ನಿದ್ದೆಗಣ್ಣಲ್ಲಿ ರಚ್ಚೆ ಹಿಡಿಯುತ್ತಾಳೆ ಅಂತ ಬೆಳಗಿನ ಹೊತ್ತೇ ಕೇಳಿಕೊಂಡೆ. ಒಂದು ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಬೇಕು ಅನ್ನುತ್ತಾರೆ ಮಕ್ಕಳ ಹಲ್ಲಿನ ಡಾಕ್ಟರುಗಳು. ಇವಳಿಗೆ ನಾಲ್ಕು. ಹೋಗಲಿ.

ಸಂಜೆ "ಸೂಜಿ ಚುಚ್ತಾರಾ?" ಅಂತ ಕೇಳಿದಳು. ಈ ಸೂಜಿ ಎಲ್ಲಿಂದ ಬಂತು ಅಂದರೆ, ನನ್ನ ಬಾಯಿಂದಲೇ. ಹಲ್ಲುಜ್ಜಲು ಹಟ ಮಾಡಿದಾಗಲೆಲ್ಲ "ಡಾಕ್ಟರ್ ಹತ್ರ ಚುಚ್ಚಿಸ್ತೀನಿ ನೋಡು" ಅಂತ ಸುಮ್ನೆ ಹೆದರಿಸಿದ್ದು ನಾನೇ ಅಲ್ವಾ! "ಏನೂ ನೋವಾಗಲ್ಲ ಪುಟ್ಟಿ" ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಆ ಮಾತಿನಲ್ಲಿ ಮಕ್ಕಳಿಗೆ ಕೇಳಿಸುವುದು ನೋವು ಒಂದೇ. "ಪುಟ್ಟ ಕನ್ನಡಿ ಇಟ್ಟು ಹಲ್ಲು ಎಣಿಸ್ತಾರೆ" ಅಂದೆ. ಮೊದಲ ದಿನ ನೋಡುವುದು ಮಾತ್ರ ಅಂತ ಫೋನಿನಲ್ಲಿ ಕೇಳಿಕೊಂಡೇ ಇದ್ದೆ. ಅಳದಿದ್ರೆ ಗೊಂಬೆ ಕೊಡಿಸ್ತೀನಿ ಅಂತ ಅವಳಪ್ಪ ಶುರು ಮಾಡಿದರು, ಬೇಡ ಅಂದೆ. ಗೊಂಬೆ ಕೊಡಿಸುವಷ್ಟು ದೊಡ್ಡ ಕಷ್ಟ ಅಲ್ಲೇನೋ ಕಾದಿದೆ ಅಂದುಕೊಳ್ಳಲ್ವಾ ಅವಳು?

ಆಮೇಲೆ ಆಟ. ಕನ್ನಡಿ ಬದಲು ಚಮಚ, ಜೊತೆಗೆ ಒಂದು ಟಾರ್ಚು. ಮೊದಲು ಹೇಳುವುದು, ಆಮೇಲೆ ತೋರಿಸುವುದು, ಕೊನೆಗೆ ಮಾಡುವುದು. ಡಾಕ್ಟರುಗಳ ಉಪಾಯವೂ ಇದೇ. ಚಮಚವನ್ನು ಅವಳ ಉಗುರಿಗೆ ತಾಗಿಸಿದೆ, ತಣ್ಣಗಿದೆ ಅಂತ ನಕ್ಕಳು, ನಗುತ್ತಲೇ ಬಾಯಿ ತೆರೆದಳು. ಎಡಗೈ ಎತ್ತಿದರೆ ತಕ್ಷಣ ನಿಲ್ಲಿಸಬೇಕು ಅಂತ ಒಪ್ಪಂದ. ಎರಡು ಮೂರು ಹಲ್ಲಿಗೊಮ್ಮೆ ಕೈ ಎತ್ತಿದಳು, ನಾನು ನಿಜಕ್ಕೂ ನಿಲ್ಲಿಸುತ್ತೇನಾ ಅಂತ ನೋಡುವುದಕ್ಕೆ. ಪ್ರತಿ ಸಲವೂ ನಿಲ್ಲಿಸಿದೆ. 20 ಹಾಲುಹಲ್ಲು ಎಣಿಸಲು ಅರ್ಧ ಗಂಟೆ!

ಆಮೇಲೆ ನನ್ನ ಸರದಿ. ಚಮಚ ದವಡೆ ಹಲ್ಲಿಗೆ ಟಕ್ ಅಂತ ಬಡಿಯಿತು.

"ಅಮ್ಮಾ, ಇಲ್ಲಿ ಕಪ್ಪಗೆ ಏನೋ ಇದೆ."

ಹಳೇ ಫಿಲ್ಲಿಂಗು. ಹಲ್ಲು ತೂತಾಗಿತ್ತು, ಡಾಕ್ಟರ್ ಮುಚ್ಚಿದರು ಅಂದೆ.

"ನೀನು ಅತ್ತಿದ್ಯಾ?"

ಅಳಲಿಲ್ಲ, ಆದರೆ ಕುರ್ಚಿಯನ್ನು ಗಟ್ಟಿಯಾಗಿ ಹಿಡ್ಕೊಂಡಿದ್ದೆ ಅಂತ ನಿಜ ಹೇಳಿಬಿಟ್ಟೆ. ಹೇಳಬಾರದಿತ್ತೇನೋ, ದೊಡ್ಡವರ ಭಯ ಮಕ್ಕಳಿಗೆ ಬೇಗ ಅಂಟುತ್ತದೆ. ಅವಳು ಮಾತ್ರ ಟಾರ್ಚು ಆರಿಸಿ, ಇಷ್ಟೂ ಗೊತ್ತಾಗಲ್ವಾ ಅನ್ನೋ ಹಾಗೆ ನನ್ನನ್ನೇ ನೋಡಿದಳು.

"ಕೈ ಎತ್ತಬೇಕಿತ್ತು ಅಮ್ಮ."