ತರ್ಲಾಕ ಹೋದದ್ದು ರಿಸೀವರ್

ಕಲಬುರಗಿ, 11 ಮೇ 2025, ರವಿವಾರ ರಾತ್ರಿ

ಹೊತ್ತು ಮುಳುಗಿ ಮೂರು ತಾಸಾದ್ರೂ ಗೋಡಿ ಇನ್ನಾ ಬೆಚ್ಚಗ ಅದ. ಕೂಲರ್ ಮುಂದ ಕೂತು ಬರೀಲಕತ್ತೀನಿ, ಕರೆಂಟ್ ಎರಡು ಸಲ ಹೋಗಿ ಬಂತು, ಮೂರನೇ ಸಲ ಹೋಗೋದ್ರೊಳಗ ಇದನ್ನ ಹಾಕಿಬಿಡ್ತೀನಿ.

ತಮ್ಮ ಬೆಂಗಳೂರಾಗ ಮನಿ ಬದ್ಲಿ ಮಾಡ್ದ, ಹೊಸಾ ಮನ್ಯಾಗ ಜಾಗಾ ಸಾಲಲ್ಲ ಅಂತ ತನ್ನ ಜೋಡಿ ಸ್ಪೀಕರ್ ನಂಗ ಕಳ್ಸ್ಯಾನ. ಐದಿಂಚಿನ ಊಫರ್, ಸ್ಟುಡಿಯೋದಾಗ ಇಡ್ತಾರಲ್ಲ ಆ ನಮೂನಿವು, ಎರಡಕ್ಕೂ ಹಿಂದ ಬ್ಯಾರೆ ಬ್ಯಾರೆ ಪವರ್ ವೈರ್. ಆ ವೈರ್ ನೋಡಿದಾಗೇ ನಂಗ ತಿಳೀಬೇಕಿತ್ತು, ಇದರೊಳಗ ಆಂಪ್ಲಿಫೈಯರ್ ಅದ, ಅದಕ್ಕೇ ಇದು ಕರೆಂಟ್ ಬೇಡ್ತದ ಅಂತ. ತಿಳೀಲಿಲ್ಲ. ನಮ್ಮ ಓಣ್ಯಾಗ ಗಣಪತಿ ಕೂಡ್ಸಿದಾಗ ಮೈಕ್‌ಸೆಟ್ಟಿನವ ಒಂದು ದೊಡ್ಡ ಆಂಪ್ಲಿಫೈಯರ್ ತಂದು ಇಡ್ತಿದ್ದ, ಅದರ ದಪ್ಪ ಗುಂಡಿ ಮುಟ್ಟಿದ್ರ ಕೈಮ್ಯಾಲೆ ಹೊಡೀತಿದ್ದ, ಆವತ್ತಿಂದ ನನ್ನ ತಲ್ಯಾಗ ಸ್ಪೀಕರ್ ಅಂದ್ರ ಬಾಜೂಕ ಗುಂಡಿ ಇರೋ ಕರಿ ಡಬ್ಬಿ ಇರ್ಬೇಕು ಅಂತ ಕೂತುಬಿಟ್ಟದ. ಹಿಂಗಾಗಿ ರಿಸೀವರ್, ಅಂದ್ರ ಟಿವಿ-ರೇಡಿಯೋ ಸಪ್ಪಳ ಎಲ್ಲಾ ಒಂದೇ ಕಡಿ ತಗೊಂಡು ಸ್ಪೀಕರಿಗಿ ಕೊಡೋ ಆಂಪ್ಲಿಫೈಯರ್ ಡಬ್ಬಿ, ತರ್ತೀನಿ ಅಂತ ಮನ್ಯಾಗ ಡಂಗುರಾ ಸಾರಿದ್ದೆ. ನಮ್ಮಕಿ ಆವಾಗೇ ಕೇಳಿದ್ಳು, ಈಗಿರೋ ಟಿವಿ ಸಪ್ಪಳ ಯಾರಿಗಿ ಸಾಲವಲ್ದು ಅಂತ.

ನಿನ್ನಿ ಸಂಜಿಮುಂದ ಸೂಪರ್ ಮಾರ್ಕೆಟ್ ಕಡಿ ಹೋಗಿದ್ದೆ. ಅಂಗಡಿ ಹೆಸ್ರು ಬ್ಯಾಡ. ಅಂಗಡಿಯಂವ ಒಂದು 5.1 ರಿಸೀವರ್ (ಐದು ಸ್ಪೀಕರ್, ಒಂದು ಸಬ್‌ಊಫರ್ ನಡಿಸೋದು) ಇಳಿಸಿಟ್ಟು "ಸರ, ಒಂದೊಂದು ಚಾನೆಲ್ಲಿಗಿ 80 ವ್ಯಾಟ್ ಅದರಿ, ಡಾಲ್ಬಿ ಅದ, ಕಣ್ಮುಚ್ಚಿ ಒಯ್ರಿ" ಅಂದ. ನಾ ಅಂದೆ, ನಮ್ಮಲ್ಲಿ ಇರೋವು ಹಿಂದ ಪವರ್ ವೈರ್ ಇರೋ ಸ್ಪೀಕರ್ ಅವರಿ, ನಡೀತದೇನು? "ಏನೂ ಆಗಲ್ರಿ, ಸ್ಪೀಕರ್ ವೈರಿಗಿ ಆರ್‌ಸಿಎ ಪಿನ್ ಬೆಸುಗೆ ಹಾಕಿ ಕೊಡ್ತೀನಿ, ಸೀದಾ ಚುಚ್ಚಿಬಿಡ್ರಿ." ಆರ್‌ಸಿಎ ಅಂದ್ರ ಡಿವಿಡಿ ಪ್ಲೇಯರಿಗಿ ಚುಚ್ತಿದ್ವಲ್ಲ, ಆ ಕೆಂಪು-ಬಿಳಿ ಪಿನ್. ಇಷ್ಟು ಧೈರ್ಯದಿಂದ ಹೇಳಿದ್ದಕ್ಕೇ ನಂಗ ಯಾಕೋ ಸಂಶಯ ಬಂತು. ಅಲ್ಲಿಂದೇ ತಮ್ಮಗ ವಿಡಿಯೋ ಕಾಲ್ ಹಚ್ಚಿ ಡಬ್ಬಿ ಹಿಂದಿನ ಮಗ್ಗಲು ತೋರ್ಸಿದೆ.

"ಅಣ್ಣಾ, ಮೊದ್ಲ ಅಲ್ಲಿಂದ ಹೊರಗ ಬಾ" ಅಂದ.

ಹೊರಗ ಬಂದು ಚಾ ಅಂಗಡಿ ಮುಂದ ನಿಂತು ಅರ್ಧಾ ತಾಸು ಪಾಠ ಆಯ್ತು. ಅವ ಹೇಳಿದ ಲೆಕ್ಕ ಸೀದಾ ಅದ. ಎಂಟು ಓಮ್ ಸ್ಪೀಕರಿಗಿ 80 ವ್ಯಾಟ್ ಕೊಡಬೇಕಂದ್ರ ರಿಸೀವರಿನ ಹಿಂದ ಸ್ಪೀಕರ್ ವೈರ್ ಹಚ್ಚೋ ಕೆಂಪು-ಕರಿ ಟರ್ಮಿನಲ್ಲಿನ್ಯಾಗ ಹತ್ರ ಹತ್ರ 25 ವೋಲ್ಟ್ ಬರ್ತದ. ನಮ್ಮಂಥ ಒಳಗೇ ಆಂಪ್ಲಿಫೈಯರ್ ಇರೋ ಪವರ್ಡ್ ಸ್ಪೀಕರಿನ ಲೈನ್ ಇನ್, ಅಂದ್ರ ಸಿಗ್ನಲ್ ಒಳಗ ಹೋಗೋ ತೂತು, ಕಾಯೋದು ಅರ್ಧಾ ವೋಲ್ಟ್, ಒಂದು ವೋಲ್ಟ್, ಹೆಚ್ಚಂದ್ರ ಎರಡು. ಕುಡಿಯೋ ಗ್ಲಾಸಿಗಿ ಬೋರಿನ ಪೈಪ್ ಹಿಡದಂಗ. ಮ್ಯಾಲ ಇನ್ನೊಂದು, ಕೆಲವು ಆಂಪ್ಲಿಫೈಯರಿನ ಕರಿ ಟರ್ಮಿನಲ್ ಗ್ರೌಂಡೇ ಇರಲ್ಲ, ಅದನ್ನ ಆರ್‌ಸಿಎ ಪಿನ್ನಿನ ಹೊರಗಿನ ಗ್ರೌಂಡ್ ಬಳಿಗಿ ಕೂಡ್ಸಿದ್ರ ಸ್ಪೀಕರಿಗಿಂತ ಮೊದ್ಲ ರಿಸೀವರೇ ಸುಡಬಹುದು. ನಮ್ಮ ಅಂಗಡಿಯಂವ ಬೆಸುಗೆ ಹಾಕಿ ಕೊಡ್ತೀನಿ ಅಂದದ್ದು ಇದನ್ನ.

ಹಂಗಾದ್ರ ಯಾವ ರಿಸೀವರ್ ನಡೀತದಪಾ ಅಂದ್ರ, ಹಿಂದ ಪ್ರೀ-ಔಟ್ ಇರೋದು ನಡೀತದಂತ. ಅಂದ್ರ ಒಳಗಿನ ಆಂಪ್ಲಿಫೈಯರಿಗಿ ಹೋಗೋದ್ಕಿಂತ ಮೊದ್ಲ, ವಾಲ್ಯೂಮ್ ಗುಂಡಿ ದಾಟಿದ ಮ್ಯಾಲ, ಸಿಗ್ನಲ್ ಹೊರಗ ತಕ್ಕೊಳ್ಳೋ ತೂತು. ಕಡಿಮಿ ರೇಟಿನ ರಿಸೀವರ್‌ದಾಗ ಸಬ್‌ಊಫರಿಗಿ ಮಾತ್ರ ಅದು ಇರ್ತದ, ನಿನ್ನಿ ನೋಡಿದ್ರಾಗೂ ಅಷ್ಟೇ ಇತ್ತು, ಎಡಾ-ಬಲಾ ಸ್ಪೀಕರಿಗಿ ಬೇಕಂದ್ರ ಮ್ಯಾಲಿನ ಮಾಡೆಲ್ಲಿಗಿ ಹೋಗ್ಬೇಕು, ಹೋದ ಮ್ಯಾಲ ಏನಾಗ್ತದ ನೋಡ್ರಿ, ನೀವು ರೊಕ್ಕ ಕೊಡೋದ್ರಾಗ ದೊಡ್ಡ ಪಾಲು ಆಂಪ್ಲಿಫೈಯರಿಗಿ, ಟ್ರಾನ್ಸ್‌ಫಾರ್ಮರಿಗಿ, ಕಾವು ಕಳಿಯೋ ಹೀಟ್ ಸಿಂಕಿಗಿ ಹೋಗ್ತದ, ಅದರಾಗ ಒಂದೂ ನಿಮ್ಮ ಕೆಲಸಕ್ಕ ಬರಲ್ಲ, ಕಾಯ್ದು ಕೂಡೋದಷ್ಟೇ ಅದರ ಕೆಲಸ. ಕಲಬುರಗಿ ಮೇ ತಿಂಗಳಾಗ ಮನ್ಯಾಗ ಇನ್ನೊಂದು ಒಲಿ ಹಚ್ಚಿಟ್ಟಂಗ. ಮುಂದ ಒಂದಿನ ಸೆಂಟರ್ ಸ್ಪೀಕರ್, ಹಿಂದಿನ ಸ್ಪೀಕರ್ ಎಲ್ಲಾ ಕೂಡ್ಸೋ ವಿಚಾರ ಇದ್ದೋರು ಅಂಥದು ತಗೊಂಡ್ರ ಅರ್ಥ ಅದ. ನಮ್ಮ ಹಾಲ್ ಹತ್ತು ಬೈ ಹನ್ನೆರಡು, ಹಿಂದಿನ ಸ್ಪೀಕರ್ ಇಡಬೇಕಂದ್ರ ಅಪ್ಪನ ಮಂಚಾ ಹೊರಗ ಹಾಕ್ಬೇಕು.

"ನಿಂಗ ಬೇಕಾಗಿದ್ದು ಎರಡೇ ಅಣ್ಣಾ, ಯಾವುದರ ಸಪ್ಪಳ ಅಂತ ಆರಿಸ್ಲಾಕ ಒಂದು ಸ್ವಿಚ್, ಏರ್ಸಿ ಇಳಿಸ್ಲಾಕ ಒಂದು ಗುಂಡಿ" ಅಂದ. ನಂಗ ಸ್ವಲ್ಪ ಬೇಜಾರೇ ಆಯ್ತು ಖರೆ ಹೇಳ್ಬೇಕಂದ್ರ. ಕರಿ ಡಬ್ಬಿ ಕೈತಪ್ಪಿತು.

ಇವತ್ತ ಮುಂಜಾನಿ ತಾತ್ಪೂರ್ತಿಕ ಅಂತ ಟಿವಿ ಹೆಡ್‌ಫೋನ್ ತೂತಿಂದ ಒಂದು ವೈರ್ ಎಳದು ಸ್ಪೀಕರಿಗಿ ಹಾಕ್ದೆ. ಸಪ್ಪಳ ಬಂತು, ಅದರ ಕೂಡ ಒಂದು ಗುಂಯ್ ಅನ್ನೋದೂ ಬಂತು, ಬ್ಯಾಸಿಗಿ ರಾತ್ರ್ಯಾಗ ಕಿವ್ಯಾಗ ಸೊಳ್ಳಿ ಹೊಕ್ಕಂಗಲ್ಲ, ದಪ್ಪ ಧ್ವನಿ, ಹಿಟ್ಟಿನ ಗಿರಣಿ ದೂರದಾಗ ನಡದಂಗ. ವಾಲ್ಯೂಮ್ ಇಳಿಸಿದ್ರೂ ಹೋಗವಲ್ದು. ಸ್ಪೀಕರ್ ಕೆಟ್ಟಾವ ಅಂತ ತಮ್ಮಗ ಬೈಲಾಕ ಫೋನ್ ಹಚ್ಚಿದ್ರ, ಅವ ಸೆಟ್‌ಟಾಪ್ ಬಾಕ್ಸಿನ ಹಿಂದ ಬರೋ ಕೇಬಲ್ ಬಿಚ್ಚಿ ನೋಡು ಅಂದ. ಬಿಚ್ಚಿದೆ. ಗುಂಯ್ ಬಂದ್! ಕೇಬಲ್ ಓಣಿ ತುಂಬ ತಿರುಗಿ ಎಲ್ಲೋ ಒಂದು ಕಡಿ ಅರ್ಥಿಂಗ್ ಆಗಿರ್ತದ, ಸ್ಪೀಕರ್ ನಮ್ಮ ಮನಿ ಅರ್ಥಿಂಗಿಗಿ ಕೂಡಿರ್ತದ, ಎರಡರ ನಡುವ ಫರಕ್ ಇದ್ದಷ್ಟು ಕರೆಂಟ್ ಆಡಿಯೋ ವೈರಿನ ಗ್ರೌಂಡಿನ್ಯಾಗ ಹರೀತದ, ನಮ್ಮ ಕರೆಂಟ್ 50 ಹರ್ಟ್ಸ್, ಅದೇ ಗಿರಣಿ ಸಪ್ಪಳ. ಇದಕ್ಕ ಒಂದು ಹಗುರ ದಾರಿ ಆಪ್ಟಿಕಲ್ ಕೇಬಲ್, ಅದರಾಗ ಹೋಗೋದು ಬೆಳಕು, ತಾಮ್ರ ಇಲ್ಲ, ಗುಂಯ್ ದಾಟಿ ಬರ್ಲಾಕ ದಾರಿನೇ ಇಲ್ಲ. ಕೆಲವರು ಪ್ಲಗ್ಗಿನ ದಪ್ಪ ಪಿನ್ ಕಿತ್ತಿ ಗುಂಯ್ ಹೋಯ್ತು ಅಂತ ಖುಷಿ ಪಡ್ತಾರ, ಅದು ಮಾಡಬ್ಯಾಡ್ರಿ, ಒಳಗ ಏನಾರ ಶಾರ್ಟ್ ಆದ್ರ ಆ ಪಿನ್ನೇ ನಿಮ್ಮ ಜೀವಾ ಉಳಿಸೋದು.

ತಮ್ಮ ಹೇಳಿದ ಸ್ವಿಚ್-ಗುಂಡಿ ಡಬ್ಬಿ ಆಪ್ಟಿಕಲ್ ಇರೋದೇ ಸರಿ ಅಂತ ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಉಂಡು ಆರ್ಡರ್ ಹಾಕ್ಲಾಕ ಕೂತೆ. ಆವಾಗ ಅಪ್ಪ ಕೇಳಿದ್ರು, "ನಾ ಯಾವ ರಿಮೋಟಿಲೆ ಸಪ್ಪಳ ಇಳಿಸ್ಲಿ?"

ಇದು ನಮ್ಮಿಬ್ಬರಿಗೂ ಹೊಳದಿದ್ದಿಲ್ಲ. ಅಪ್ಪಗ ಕಣ್ಣು ಮಂಜು, ಕೈ ಸವರಿ ಟಿವಿ ರಿಮೋಟಿನ ಬಟನ್ ಹಿಡೀತಾರ, ಇನ್ನೊಂದು ರಿಮೋಟ್ ಕೊಟ್ರ ಆಯ್ತು ಅವರ ಕಥಿ. ಆಪ್ಟಿಕಲ್ಲಿನ್ಯಾಗ ಸಪ್ಪಳ ಅಷ್ಟೇ ಹೋಗ್ತದ, ರಿಮೋಟಿನ ಹುಕುಂ ಹೋಗಲ್ಲ. ಎಚ್‌ಡಿಎಂಐ ಎಆರ್‌ಸಿ, ಅಂದ್ರ ಎಚ್‌ಡಿಎಂಐ ವೈರಿನ್ಯಾಗೇ ಟಿವಿ ಸಪ್ಪಳ ಹೊರಗ ಕಳಿಸೋ ದಾರಿ, ಹಿಡದ್ರ ಅದೇ ವೈರಿನ್ಯಾಗ ಹುಕುಂನೂ ಹೋಗ್ತದ, ಟಿವಿ ರಿಮೋಟಿಲೇ ಡಬ್ಬಿ ವಾಲ್ಯೂಮ್ ಏರ್ತದ ಇಳೀತದ. ಇದು 2009ರಾಗ ಬಂದ ಎಚ್‌ಡಿಎಂಐ 1.4ದಾಗೇ ಇತ್ತು, ಅಂದ್ರ ಹೊಸಾ ಟಿವಿ ಬೇಕಾಗಿಲ್ಲ, ನಮ್ಮ ಹಳಿ ಟಿವಿ ಹಿಂದ ಬ್ಯಾಟರಿ ಬಿಟ್ಟು ನೋಡಿದ್ರ ಒಂದು ತೂತಿನ ಕೆಳಗ ಸಣ್ಣಂಗ ಎಆರ್‌ಸಿ ಅಂತ ಬರದದ. ಖರೆ ಅದು ತಾಮ್ರದ ವೈರೇ, ಗುಂಯ್ ಮತ್ತ ಬರಬಹುದು. ಬಂದ್ರ ಕೇಬಲ್ಲಿಗಿ ಅದರ ಅರ್ಥಿಂಗ್ ಬ್ಯಾರೆ ಮಾಡೋ ಐಸೊಲೇಟರ್ ಹಾಕ್ತೀನಿ, ಅಪ್ಪಗ ಒಂದೇ ರಿಮೋಟ್ ಇರ್ಬೇಕು, ಅದರಾಗ ರಾಜಿ ಇಲ್ಲ.

ಕಡೀಕ ಆರ್ಡರ್ ಹಾಕಿದ್ದು ಅಂಗೈಗಿಂತ ಸ್ವಲ್ಪ ದೊಡ್ಡ ಡ್ಯಾಕ್ ಕಮ್ ಪ್ರೀಆಂಪ್, ಅಂದ್ರ ಟಿವಿಯ ಡಿಜಿಟಲ್ ಸಪ್ಪಳ ಸ್ಪೀಕರಿಗಿ ತಿಳಿಯೋ ಸಿಗ್ನಲ್ ಮಾಡಿ, ಏರ್ಸಿ ಇಳಿಸಿ ಕಳಿಸೋ ಡಬ್ಬಿ. ಎಆರ್‌ಸಿ ಒಂದು, ಆಪ್ಟಿಕಲ್ ಒಂದು, ಆರ್‌ಸಿಎ ಒಂದು ಜೋಡಿ ಒಳಗ, ಒಂದು ಜೋಡಿ ಹೊರಗ. ರೇಟು ನಿನ್ನಿ ನೋಡಿದ ರಿಸೀವರಿನ ಅರ್ಧಕ್ಕಿಂತ ಕಡಿಮಿ. ಗುಂಡಿನೂ ಅದ, ಹೆಬ್ಬೆರಳಿನಷ್ಟು. ಬುಧವಾರ ಬರ್ತದಂತ. ಬಂದ ಮ್ಯಾಲ ಟಿವಿ ಸೆಟ್ಟಿಂಗಿನ್ಯಾಗ ಆಡಿಯೋ ಔಟ್ ಪಿಸಿಎಂ, ಅಂದ್ರ ಗಂಟು ಕಟ್ಟದ ಸೀದಾ ಡಿಜಿಟಲ್ ಸಪ್ಪಳ, ಅಂತ ಇಡ್ಬೇಕು, ಇಲ್ಲಂದ್ರ ಟಿವಿ ಸಪ್ಪಳನ ಡಾಲ್ಬಿ ನಮೂನಿ ಗಂಟು ಕಟ್ಟಿ ಕಳಸ್ತದ, ಈ ಡಬ್ಬಿಗಿ ಗಂಟು ಬಿಚ್ಚಲಾಕ ಬರಲ್ಲ, ಮೂಕ ಕೂತುಬಿಡ್ತದ. ರಿಸೀವರ್ ಅಂತ ಹೆಸ್ರು ಬಂದದ್ದೇ ಅದರಾಗ ರೇಡಿಯೋ ಇರೋದ್ರಿಂದ, ಇದರಾಗ ರೇಡಿಯೋ ಇಲ್ಲ. ಅಪ್ಪನ ಸಣ್ಣ ರೇಡಿಯೋದ ಹೆಡ್‌ಫೋನ್ ತೂತಿಂದ ಆ ಆರ್‌ಸಿಎಗಿ ಒಂದು ವೈರ್ ಹಾಕಿದ್ರ ಆಕಾಶವಾಣಿ ಸ್ಪೀಕರಿನ್ಯಾಗೇ ಕೇಳ್ತಾರ.

ಹಾಲಿನ ಕಥಿ ಇನ್ನೊಂದು. ಕೆಳಗ ಶಹಾಬಾದ ಫರ್ಸಿ, ನಾಕೂ ಕಡಿ ಬರೇ ಗೋಡಿ, ಚಪ್ಪಾಳಿ ಹೊಡದ್ರ ಗುಮ್ಮಟದಾಗ ನಿಂತಂಗ ಆಗ್ತದ. ಹಿಂಗಿದ್ರ ಯಾವ ಡಬ್ಬಿ ತಂದ್ರೂ ಮಾತು ಕಲಸಿಹೋಗ್ತಾವ. ಜಮಖಾನ ಹಾಸ್ದೆ, ಸ್ಪೀಕರ್ ಗೋಡಿಯಿಂದ ಒಂದು ಫೂಟ್ ಮುಂದ ಎಳದೆ, ಎದುರಿನ ಗೋಡಿಗಿ ಅವ್ವನ ಕೌದಿ ಮೊಳಿ ಹೊಡದು ನೇತು ಹಾಕ್ದೆ. ಎಷ್ಟು ಫರಕ್ ಅಂತೀರಿ! ಅವ್ವ ಬಂದು ನಿಂತು ನೋಡಿ, "ಹೊದ್ಕೊಳ್ಳಾಕ ಹೊಲದದ್ದು ಗೋಡಿಗಿ ಥಂಡಿ ಆಗ್ಯದೇನು" ಅಂದ್ಳು. ಚಳಿಗಾಲಕ್ಕ ತಿರುಗಿ ಕೊಡ್ತೀನಿ ಅಂತ ಮಾತು ಕೊಟ್ಟೀನಿ.

ಅರ್ಥಿಂಗ್ ನೋಡ್ಲಾಕ ವೈರಿಂಗಿನಂವ ನಾಳಿ ಬಿಸಲೇರೋದ್ರೊಳಗ ಬರ್ತೀನಿ ಅಂದಾನ, ಅರ್ಥಿಂಗಿನ ತಗ್ಗಿನ್ಯಾಗ ಹಾಕ್ಲಾಕ ಇದ್ದಲಿ ಒಂದು ಚೀಲ, ದಪ್ಪುಪ್ಪು ಐದು ಕಿಲೋ ತಂದಿಡು ಅಂದಾನ. ಉಪ್ಪು ಅದ. ಇದ್ದಲಿ ಇಷ್ಟೊತ್ತಿಗಿ ಎಲ್ಲಿ ಸಿಗ್ತದ ನೋಡ್ಬೇಕು.