ಐದು ಕಂತು, ಒಂದು ಟೇಪು

ಟಿ-120 ವಿಎಚ್‌ಎಸ್ ಕ್ಯಾಸೆಟ್ ಎಸ್‌ಪಿ ಎಂಬ ಮಾಮೂಲಿ ವೇಗದಲ್ಲಿ ಎರಡು ಗಂಟೆ ಓಡುತ್ತದೆ, ಇಪಿ ಎಂಬ ನಿಧಾನ ವೇಗದಲ್ಲಿ ಆರು ಗಂಟೆ. ಅಮೆರಿಕದ ಹಗಲು ಧಾರಾವಾಹಿಗಳಲ್ಲಿ ಹೆಚ್ಚಿನವು ದಿನಕ್ಕೊಂದು ಗಂಟೆಯವು, ವಾರಕ್ಕೆ ಐದು ಕಂತು. ಹಾಗಾಗಿ ಸೋಮವಾರದಿಂದ ಶುಕ್ರವಾರದವರೆಗಿನ ಕಥೆಯೆಲ್ಲ ಒಂದೇ ಕ್ಯಾಸೆಟ್ಟಿಗೆ ಹಿಡಿದು, ಕೊನೆಯಲ್ಲಿ ಒಂದು ಗಂಟೆ ಮಿಗುತ್ತಿತ್ತು. ಟೇಪಿನ ಈ ಕೊನೆಯ ಭಾಗದ ವಿಷಯಕ್ಕೆ ಆಮೇಲೆ ಬರೋಣ. ಕೆಲಸಕ್ಕೆ ಹೋಗುವವರು ವಿಸಿಆರ್‌ಗೆ ಟೈಮರ್ ಇಟ್ಟು ಹೋಗುತ್ತಿದ್ದರು, ಶನಿವಾರ ಕೂತು ವಾರದ ಬಾಕಿ ತೀರಿಸುತ್ತಿದ್ದರು, ಸೋಮವಾರ ಅದೇ ಟೇಪಿನ ಮೇಲೆ ಹೊಸ ವಾರ. ಯಾರೋ ಒಬ್ಬರು ಅಳಿಸಲು ಮನಸ್ಸು ಬಾರದೆ ಎತ್ತಿಟ್ಟ ಟೇಪುಗಳೇ ಇವತ್ತು ಅಭಿಮಾನಿಗಳ ಕೈಯಲ್ಲಿ ಉಳಿದಿರುವುದು.

ಎತ್ತಿಡಬೇಕಾದ ಟಿವಿ ಸಂಸ್ಥೆಯವರು ಎತ್ತಿಡಲಿಲ್ಲ ಎಂಬುದು ಹಳೆಯ ಸಂಕಟ. 1956ರ ಏಪ್ರಿಲ್ 2ರಂದು ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ಅರ್ಧ ಗಂಟೆಯ ಕಂತುಗಳೊಂದಿಗೆ ಶುರುವಾದಾಗ ಅದು ನೇರ ಪ್ರಸಾರ. ನಟರು ಮಾತು ಮುಗಿಸಿದರೆ ಕಂತೂ ಗಾಳಿಯಲ್ಲಿ ಮುಗಿದಂತೆ. ಮುಂದೆ ಎರಡಿಂಚಿನ ವಿಡಿಯೊ ಟೇಪು ಬಂತು, ಆದರೆ ಅದು ದುಬಾರಿ. ಹಗಲು ಧಾರಾವಾಹಿಯನ್ನು ಎರಡನೇ ಸಲ ಯಾರು ನೋಡುತ್ತಾರೆ ಎಂದುಕೊಂಡು ಅಳಿಸಿ ಮತ್ತೆ ಬಳಸುತ್ತಿದ್ದರು. ‘ಡಾರ್ಕ್ ಶ್ಯಾಡೋಸ್’ ಅದೃಷ್ಟದ್ದು: 1966ರಿಂದ 1971ರವರೆಗಿನ 1,225 ಕಂತುಗಳಲ್ಲಿ ಕಳೆದುಹೋದದ್ದು ಒಂದೇ. ಆ ಒಂದರ ಧ್ವನಿ ಮಾತ್ರ ಉಳಿದಿತ್ತು. ಅದಕ್ಕೆ ಬೇರೆ ಕಂತುಗಳ ಸ್ಥಿರಚಿತ್ರ ಜೋಡಿಸಿ ಮತ್ತೆ ಕಟ್ಟಿದರು. ಬಹಳಷ್ಟು ಧಾರಾವಾಹಿಗಳಿಗೆ ಅಷ್ಟೂ ಭಾಗ್ಯವಿಲ್ಲ.

ಮನೆಯಲ್ಲಿ ಎತ್ತಿಟ್ಟ ಇಂಥ ಒಂದು ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಒಂದು ದಿನ ಪೂರ್ತಿ ಬೇಕು. ಆರು ಗಂಟೆಯ ಟೇಪು ಆರು ಗಂಟೆಯೇ ಓಡಬೇಕು, ಅಲ್ಲಿ ಅವಸರಕ್ಕೆ ದಾರಿಯಿಲ್ಲ.

ಬೆಳಗಿನ ಮೊದಲ ಕೆಲಸ ಕ್ಯಾಸೆಟ್ಟಿನ ಬೆನ್ನಿನ ಎಡತುದಿಯಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಪಟ್ಟಿಯನ್ನು ಸ್ಕ್ರೂಡ್ರೈವರ್ ತುದಿಯಿಂದ ಮುರಿದು ತೆಗೆಯುವುದು. ಅದಿದ್ದರೆ ಒಂದು ತಪ್ಪು ಬಟನ್ ಸಾಕು, ಮೂವತ್ತು ವರ್ಷ ಉಳಿದದ್ದು ಮೂವತ್ತು ಸೆಕೆಂಡಿನಲ್ಲಿ ಹೋಗುತ್ತದೆ. ಆಮೇಲೆ ಕ್ಯಾಸೆಟ್ಟಿನ ಕಿಟಕಿಯ ಮೂಲಕ ಟೇಪಿನ ಸುರುಳಿಯ ಅಂಚನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಬೇಕು. ಕಪ್ಪಗೆ, ನುಣ್ಣಗೆ ಇದ್ದರೆ ಸರಿ. ಬಿಳಿಯ ಪುಡಿ ಅಥವಾ ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕಲೇಬಾರದು. ಟೇಪನ್ನು ಓದುವ ಹೆಡ್ ಕಟ್ಟಿಕೊಳ್ಳುವುದಷ್ಟೇ ಅಲ್ಲ, ಮುಂದೆ ಹಾಕುವ ಒಳ್ಳೆಯ ಟೇಪಿಗೂ ಅಂಟುತ್ತದೆ. ತಣ್ಣನೆಯ ಜಾಗದಲ್ಲಿಟ್ಟ ಟೇಪಾದರೆ ಹಿಂದಿನ ದಿನವೇ ಹೊರಗೆ ತೆಗೆದಿಟ್ಟಿರಬೇಕು. ತೇವ ಕೂತ ಟೇಪು ಹೆಡ್ ಕೂರಿಸಿದ, ತಿರುಗುವ ಡ್ರಮ್ಮಿಗೆ ಅಂಟಿ ಹರಿಯುತ್ತದೆ.

ಹರಿದರೂ ಎದೆಗುಂದಬೇಕಿಲ್ಲ. ಕ್ಯಾಸೆಟ್ಟಿನ ತಳದ ಐದು ಸ್ಕ್ರೂ ಬಿಚ್ಚಿ, ವಿಡಿಯೊ ಟೇಪಿಗೆಂದೇ ಮಾಡಿದ ಅರ್ಧ ಇಂಚಿನ ಸ್ಪ್ಲೈಸಿಂಗ್ ಟೇಪನ್ನು ಹೆಡ್ ತಾಗದ ಬದಿಗೆ ಹಚ್ಚಿದರೆ ಆಯಿತು. ಕೈಗೆ ಸಿಕ್ಕಿತೆಂದು ಲಕೋಟೆ ಅಂಟಿಸುವ ಸೆಲ್ಲೋಟೇಪು ಹಚ್ಚುವವರೇ ಹೆಚ್ಚು. ಅದರ ಗೋಂದು ಸೆಕೆಗೆ ಕರಗಿ ಪಕ್ಕದ ಸುತ್ತಿಗೂ ಡ್ರಮ್ಮಿಗೂ ಮೆತ್ತಿಕೊಳ್ಳುತ್ತದೆ.

ಯಂತ್ರದ ಹೆಡ್ ಒರೆಸುವುದಕ್ಕೆ ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲು, ಎಳೆ ಬಿಡದ ಬಟ್ಟೆ ಅಥವಾ ದಪ್ಪ ಕಾಗದ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ಅದರ ಎಳೆ ಹೆಡ್ಡಿನ ತುದಿಗೆ ಸಿಕ್ಕಿ ಅದನ್ನೇ ಕಿತ್ತುಕೊಂಡು ಬರಬಹುದು. ಒದ್ದೆ ಕಾಗದವನ್ನು ಡ್ರಮ್ಮಿಗೆ ಮೆತ್ತಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮಿನ ತಲೆಯನ್ನು ನಿಧಾನವಾಗಿ ತಿರುಗಿಸಬೇಕು. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಕಾಗದದ ಮೇಲೆ ಕಂದು ಗೆರೆ ಬರುವುದು ನಿಂತಾಗ ಸಾಕು. ಆಲ್ಕೊಹಾಲು ಆರಲು ಹದಿನೈದು ನಿಮಿಷ ಬಿಟ್ಟು, ಟೇಪನ್ನು ಹಾಕಿ ಕೊನೆಯವರೆಗೆ ಓಡಿಸಿ ಮತ್ತೆ ರಿವೈಂಡ್ ಮಾಡಬೇಕು. ವರ್ಷಗಟ್ಟಲೆ ಒಂದೇ ಸ್ಥಿತಿಯಲ್ಲಿ ಕೂತ ಸುರುಳಿಯ ಬಿಗಿ ಆಗ ಸಮನಾಗುತ್ತದೆ.

ಇಷ್ಟೆಲ್ಲ ಮಾಡಿ ಪ್ಲೇ ಒತ್ತಿದಾಗ ತೆರೆಯ ಮೇಲೆ ಬರುವುದು ಬಹುಮಟ್ಟಿಗೆ ಗದ್ದಲವೇ. ಇದಕ್ಕೆ ಇಪಿ ವೇಗ ಕಾರಣ. ಎಸ್‌ಪಿಯಲ್ಲಿ ಟೇಪು ಸೆಕೆಂಡಿಗೆ 33.35 ಮಿ.ಮೀ. ಸರಿದರೆ ಇಪಿಯಲ್ಲಿ 11.12 ಮಿ.ಮೀ. ಚಿತ್ರ ಬರೆದ ಗೀಟಿನ ಅಗಲವೂ 58 ಮೈಕ್ರಾನಿನಿಂದ 19 ಮೈಕ್ರಾನಿಗೆ ಇಳಿಯುತ್ತದೆ. ಅಷ್ಟು ಸಣ್ಣ ಗೀಟನ್ನು ಬರೆದ ಯಂತ್ರವೇ ಚೆನ್ನಾಗಿ ಓದುವುದು. ಬೇರೆ ಯಂತ್ರದ ಹೆಡ್ ಕೂದಲೆಳೆಯಷ್ಟು ಸರಿದಿದ್ದರೂ ಪಕ್ಕದ ಗೀಟಿನ ಮೇಲೆ ಹೋಗುತ್ತದೆ. ಹೆಡ್ಡನ್ನು ಗೀಟಿಗೆ ತಾನೇ ಹೊಂದಿಸುವ ಆಟೊ ಟ್ರ್ಯಾಕಿಂಗ್ ನಂಬಿ ಕೂರಬಾರದು. ಬಿಳಿ ಗೆರೆಗಳ ಪಟ್ಟೆ ತೆರೆಯ ತಳಕ್ಕೆ ಇಳಿದು ಮಾಯವಾಗುವವರೆಗೆ ಕೈಯಿಂದಲೇ ಒಂದೊಂದು ಹೆಜ್ಜೆ ಸರಿಸಬೇಕು. ಎರಡು ಮೂರು ಬೇರೆ ಬೇರೆ ವಿಸಿಆರ್ ಇಟ್ಟುಕೊಂಡವರು ಗೆದ್ದರು. ತುಂಬಾ ದುಬಾರಿಯ ಎಸ್-ವಿಎಚ್‌ಎಸ್ ಯಂತ್ರ ಒದ್ದಾಡುವ ಇಪಿ ಟೇಪನ್ನು ಸಾಧಾರಣ ಯಂತ್ರವೊಂದು ಸಲೀಸಾಗಿ ಓದಿಬಿಡುವುದುಂಟು.

ಧ್ವನಿಯಲ್ಲಿ ಚರಚರ ಬಂದರೆ ಹೈ-ಫೈ ಧ್ವನಿಯಿಂದ ಟೇಪಿನ ಅಂಚಿನಲ್ಲಿರುವ ಸಾಮಾನ್ಯ ಟ್ರ್ಯಾಕಿಗೆ ಬದಲಿಸಿ ನೋಡಿ. ಟ್ರ್ಯಾಕಿಂಗ್ ತಪ್ಪಿದ ಕಡೆ ಯಂತ್ರ ಎರಡರ ನಡುವೆ ತಾನೇ ಹಾರುತ್ತಿರುತ್ತದೆ, ಗದ್ದಲ ಅಲ್ಲಿಂದಲೇ. ಸಾಮಾನ್ಯ ಟ್ರ್ಯಾಕು ಇಪಿಯಲ್ಲಿ ಮೊಬ್ಬಾಗಿರುತ್ತದೆ ನಿಜ, ಆದರೆ ಮಾತು ಕೇಳಿಸುತ್ತದೆ.

ವಿಸಿಆರ್‌ಗೂ ಕಂಪ್ಯೂಟರಿಗೂ ನಡುವೆ ಟಿಬಿಸಿ (ಟೈಮ್ ಬೇಸ್ ಕರೆಕ್ಟರ್) ಎಂಬ ಪೆಟ್ಟಿಗೆ ಬೇಕು. ಟೇಪಿನಿಂದ ಬರುವ ಪ್ರತಿ ಗೆರೆಯೂ ಒಂದಿಷ್ಟು ಹಿಂದೆ ಮುಂದೆ ಇರುತ್ತದೆ, ಅದನ್ನು ಸಾಲಿಗೆ ನಿಲ್ಲಿಸುವುದು ಇದರ ಕೆಲಸ. ಇದಿಲ್ಲದಿದ್ದರೆ ಚಿತ್ರದ ಮೇಲಂಚು ಬಾವುಟದಂತೆ ಬಾಗುತ್ತದೆ, ಕಂಪ್ಯೂಟರು ಫ್ರೇಮುಗಳನ್ನು ಕಳೆದುಕೊಳ್ಳುತ್ತದೆ. ಮೂರನೇ ಗಂಟೆಯ ಹೊತ್ತಿಗೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಇನ್ನೊಂದು ವಿಚಿತ್ರವೂ ಇದೆ: ಮನೆಯಲ್ಲಿ ರೆಕಾರ್ಡ್ ಮಾಡಿದ ಟೇಪಿನ ಗದ್ದಲವನ್ನು, ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕೆಲವು ಕ್ಯಾಪ್ಚರ್ ಸಾಧನಗಳು ನಕಲು ತಡೆಯ ಸಂಕೇತವೆಂದು ತಿಳಿದು ನಿಂತುಬಿಡುತ್ತವೆ. ಟಿಬಿಸಿ ಇದ್ದರೆ ಆ ತಂಟೆಯೂ ತಪ್ಪುತ್ತದೆ.

ಕ್ಯಾಪ್ಚರ್ 720×480ರಲ್ಲಿ, 4:2:2 ಬಣ್ಣದಲ್ಲಿ, ಹಫ್‌ವೈಯುವಿಯಂಥ ನಷ್ಟವಿಲ್ಲದ ರೂಪದಲ್ಲಿ ಇರಲಿ. ಧ್ವನಿ 48 ಕಿಲೊಹರ್ಟ್ಸ್. ಗಂಟೆಗೆ 30 ಜಿಬಿ ಆಸುಪಾಸು, ಇಡೀ ಟೇಪಿಗೆ 180 ಜಿಬಿ ಖಾಲಿ ಜಾಗ. ಡಿಸ್ಕು ಫ್ಯಾಟ್-32 ಎಂಬ ಹಳೆಯ ವಿನ್ಯಾಸದ್ದಾಗಿದ್ದರೆ 4 ಜಿಬಿಗೆ ಕಡತ ನಿಂತುಹೋಗುತ್ತದೆ, ಅದೂ ಸೋಮವಾರದ ಮೊದಲ ದೃಶ್ಯಗಳಲ್ಲೇ.

ಇನ್ನು ಆರು ಗಂಟೆ ಕಾಯುವುದು. ಬಿಟ್ಟು ಹೋಗುವಂತಿಲ್ಲ, ಟ್ರ್ಯಾಕಿಂಗ್ ಜಾರಿದರೆ ತಿದ್ದಬೇಕು. ಹಾಗಾಗಿ ನೋಡಲೇಬೇಕು, ಜಾಹೀರಾತಿನ ಸಮೇತ. ಈ ಒತ್ತಾಯದಲ್ಲಿ ಧಾರಾವಾಹಿಯ ಕಸುಬು ಕಣ್ಣಿಗೆ ಬೀಳುತ್ತದೆ. ಒಂದೇ ಸುದ್ದಿಯನ್ನು ಸೋಮವಾರ ಅಡುಗೆಮನೆಯಲ್ಲಿ, ಮಂಗಳವಾರ ಆಸ್ಪತ್ರೆಯಲ್ಲಿ, ಬುಧವಾರ ಹೋಟೆಲಿನಲ್ಲಿ ಬೇರೆ ಬೇರೆಯವರು ಆಡುತ್ತಾರೆ. ಎಳೆದಾಟ ಎಂದು ಬೈಯುವವರು ಬೈಯಲಿ. ಎರಡು ದಿನ ತಪ್ಪಿಸಿಕೊಂಡವರಿಗೆ ಕಥೆ ಕೈಗೆ ಸಿಗಬೇಕೆಂದೇ ಹಾಗೆ ಬರೆಯುತ್ತಿದ್ದದ್ದು. ಟೇಪಿನ ಮಧ್ಯೆ ಒಂದು ಕಂತು ಹಾಳಾಗಿದ್ದರೆ ಈ ಪುನರಾವರ್ತನೆಯೇ ನಮ್ಮನ್ನು ಕಾಪಾಡುತ್ತದೆ. ಮೂರು ಕ್ಯಾಮೆರಾ ಸೆಟ್ಟಿನ ಸುತ್ತ ನಿಂತು ದೃಶ್ಯವನ್ನು ಒಂದೇ ಓಟದಲ್ಲಿ ತೆಗೆಯುತ್ತವೆ. ಮಾತು ತೊದಲಿದರೂ ಮೈಕಿನ ನೆರಳು ಗೋಡೆಯ ಮೇಲೆ ಹಾದುಹೋದರೂ ಹಾಗೇ ಬಿಡುತ್ತಾರೆ. ದೃಶ್ಯದ ಕೊನೆಯ ಮಾತಾದ ಮೇಲೆ ಎದುರಿಗಿದ್ದವರ ಮುಖದ ಮೇಲೆ ಕ್ಯಾಮೆರಾ ಎರಡು ಮೂರು ಸೆಕೆಂಡು ನಿಲ್ಲುತ್ತದಲ್ಲ, ಕಣ್ಣು ಮಾತ್ರ ಆಡುತ್ತಿರುತ್ತದೆ, ಸಂಗೀತ ಕೆಳಗಿನಿಂದ ಏರುತ್ತದೆ. ಆ ನೋಟಕ್ಕಾಗಿಯೇ ಇಷ್ಟೆಲ್ಲ ಪಾಡು ಪಡುವುದು.

ಜಾಹೀರಾತು ಕತ್ತರಿಸಬೇಡಿ. ಅಂಚೆಯ ಮುದ್ರೆ ಇದ್ದಂತೆ ಅವು. ‘ಇಂದು ರಾತ್ರಿ’ ಎಂದು ಹೇಳುವ ಸುದ್ದಿಯ ತುಣುಕು, ‘ಈ ಶುಕ್ರವಾರ ಚಿತ್ರಮಂದಿರಗಳಲ್ಲಿ’ ಎಂಬ ಸಿನಿಮಾ ಜಾಹೀರಾತು, ಇವೆರಡು ಸಿಕ್ಕರೆ ಕಂತಿನ ತಾರೀಕು ಹಿಡಿಯಬಹುದು. ಲೇಬಲ್ಲಿನ ಮೇಲಿನ ತಾರೀಕನ್ನು ನಂಬುವುದು ಕಷ್ಟ, ಟೇಪು ಹತ್ತು ಸಲ ಅಳಿಸಿದ್ದರೂ ಲೇಬಲ್ಲು ಮೊದಲಿನದೇ ಇರುತ್ತದೆ. ಕೆಲವರು ಕೂತು ನೋಡುತ್ತಲೇ ರೆಕಾರ್ಡ್ ಮಾಡಿ ಜಾಹೀರಾತು ಬಂದಾಗ ಪಾಜ್ ಒತ್ತಿ ರೆಕಾರ್ಡಿಂಗ್ ತಡೆಯುತ್ತಿದ್ದರು. ಅಂಥ ಟೇಪಿನಲ್ಲಿ ಪ್ರತಿ ಜೋಡಣೆಯಲ್ಲೂ ಒಂದೆರಡು ಸೆಕೆಂಡು ಕಾಮನಬಿಲ್ಲಿನ ಬಣ್ಣ ಹರಿಯುತ್ತದೆ. ತಿರುಗುವ ಡ್ರಮ್ಮಿನಲ್ಲಿ ಅಳಿಸುವ ಹೆಡ್ ಇಲ್ಲದ ಯಂತ್ರದ ಗುರುತು ಅದು. ಹಳೆಯ ಬಣ್ಣ ಪೂರ್ತಿ ಅಳಿದಿರುವುದಿಲ್ಲ. ಟೈಮರ್ ಇಟ್ಟು ಮರೆತವರ ಟೇಪೇ ಮೇಲು.

ಟೈಮರಿಗೂ ಅದರದೇ ಗ್ರಹಚಾರ. ಕರೆಂಟು ಹೋಗಿ ಬಂದರೆ ಗಡಿಯಾರ 12:00 ಎಂದು ಕಣ್ಣು ಮಿಟುಕಿಸುತ್ತ ನಿಲ್ಲುತ್ತದೆ, ಆ ವಾರ ಮುಗಿದಂತೆ. ಬೇಸಿಗೆಗೆಂದು ಗಡಿಯಾರ ಒಂದು ಗಂಟೆ ಮುಂದಿಡುವ ವಾರ ಯಂತ್ರದಲ್ಲಿ ಬದಲಿಸಲು ಮರೆತರೆ ಐದು ದಿನವೂ ಪಕ್ಕದ ಧಾರಾವಾಹಿ. ಸುದ್ದಿಯ ಅಡ್ಡಗಾಲು ಬೇರೆ. 1963ರ ನವೆಂಬರ್ 22ರಂದು ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ ನೇರವಾಗಿ ಓಡುತ್ತಿದ್ದಾಗ ಸುದ್ದಿವಾಚಕ ವಾಲ್ಟರ್ ಕ್ರಾಂಕೈಟ್ ದನಿ ನಡುವೆ ನುಗ್ಗಿ ಅಧ್ಯಕ್ಷ ಕೆನಡಿಗೆ ಗುಂಡೇಟಾದ ಸುದ್ದಿ ಹೇಳಿತು; ಸೆಟ್ಟಿನಲ್ಲಿದ್ದ ನಟರಿಗೆ ತಿಳಿಯದೆ ಅವರು ನಟಿಸುತ್ತಲೇ ಇದ್ದರು. 1995ರ ಟೇಪುಗಳಲ್ಲಿ ಒ. ಜೆ. ಸಿಂಪ್ಸನ್ ಮೇಲಿನ ಕೊಲೆ ಆರೋಪದ ವಿಚಾರಣೆಯ ಪ್ರಸಾರ ಕಂತುಗಳನ್ನು ತಿಂದುಹಾಕಿದೆ. ಥ್ಯಾಂಕ್ಸ್‌ಗಿವಿಂಗ್‌ನಂಥ ರಜೆಯ ವಾರದಲ್ಲಿ ಮೆರವಣಿಗೆ, ಫುಟ್‌ಬಾಲ್ ಬಂದು ಕಂತೇ ಇರುವುದಿಲ್ಲ. ನಾಲ್ಕೇ ಸಿಕ್ಕಿತೆಂದರೆ ಟೇಪಿನ ಮೇಲೆ ತಪ್ಪು ಹೊರಿಸುವ ಮುನ್ನ ಕ್ಯಾಲೆಂಡರ್ ನೋಡಿ.

ಸಂಜೆಯ ಕೆಲಸದಲ್ಲೇ ಹೆಚ್ಚಿನವರು ಎಡವುವುದು. ಹಳೆಯ ಧಾರಾವಾಹಿಯ ಚಿತ್ರ ಫಿಲ್ಮಿನಂತೆ ಸೆಕೆಂಡಿಗೆ 24 ಫ್ರೇಮಲ್ಲ. ಅದು 59.94 ಫೀಲ್ಡುಗಳದ್ದು, ಪ್ರತಿ ಫೀಲ್ಡಿನಲ್ಲೂ ಅರ್ಧ ಗೆರೆಗಳು, ಪ್ರತಿಯೊಂದೂ ಬೇರೆ ಕ್ಷಣದ್ದು. ಪಾತ್ರಗಳು ಪಕ್ಕದ ಕೋಣೆಯಲ್ಲೇ ನಡೆದಾಡಿದಂತೆ ಅನ್ನಿಸುವ ಆ ನುಣುಪು ಬಂದದ್ದು ಅಲ್ಲಿಂದ. ಹೊಸ ಟಿವಿಗಳು ಸಿನಿಮಾಕ್ಕೆ ಇಲ್ಲದ ಫ್ರೇಮು ತುಂಬಿ ನುಣುಪು ಮಾಡಿದಾಗ ಜನ ಅದನ್ನು ‘ಸೋಪ್ ಒಪೆರಾ ಎಫೆಕ್ಟ್’ ಎಂದು ಮೂಗು ಮುರಿಯುತ್ತಾರೆ. ಸಿನಿಮಾಕ್ಕೆ ಅದು ರೋಗವಿರಬಹುದು, ಧಾರಾವಾಹಿಗೆ ಹುಟ್ಟುಗುಣ. ನೇರ ಪ್ರಸಾರದ ಕಾಲದಲ್ಲಿ ಮಾನಿಟರಿನ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಕಿನೆಸ್ಕೋಪುಗಳಲ್ಲಿ ಕಥೆ, ಮಾತು ಎಲ್ಲ ಉಳಿದರೂ ಈ ನುಣುಪು ಇಲ್ಲ, ನೋಡುವಾಗ ದೂರದ ಯಾವುದೋ ಹಳೆಯ ಸಿನಿಮಾ ಅನ್ನಿಸುತ್ತದೆ. 1937ರಲ್ಲಿ ರೇಡಿಯೊದಲ್ಲಿ ಹುಟ್ಟಿ 1952ರಲ್ಲಿ ಟಿವಿಗೆ ಬಂದ ‘ಗೈಡಿಂಗ್ ಲೈಟ್’ 2008ರಲ್ಲಿ ಸೆಟ್ಟಿನ ದೊಡ್ಡ ಕ್ಯಾಮೆರಾ ಬಿಟ್ಟು ಕೈಯಲ್ಲಿ ಹಿಡಿಯುವ ಕ್ಯಾಮೆರಾಗಳಿಗೆ ಹೋದಾಗ ಎಷ್ಟೋ ಅಭಿಮಾನಿಗಳಿಗೆ ಅದು ತಮ್ಮ ಧಾರಾವಾಹಿ ಅನ್ನಿಸಲೇ ಇಲ್ಲ. 2009ರ ಸೆಪ್ಟೆಂಬರ್ 18ಕ್ಕೆ ಅದು ಮುಗಿಯಿತು.

ಆದ್ದರಿಂದ ಫೀಲ್ಡುಗಳನ್ನು ಪೂರ್ತಿ ಫ್ರೇಮುಗಳಾಗಿಸುವಾಗ, ಅಂದರೆ ಡಿಇಂಟರ್‌ಲೇಸ್ ಮಾಡುವಾಗ ಸೆಕೆಂಡಿಗೆ 29.97 ಫ್ರೇಮಿಗೆ ಇಳಿಸಬೇಡಿ. ಬಹಳ ತಂತ್ರಾಂಶಗಳು ಕೇಳದೆಯೇ ಹಾಗೆ ಮಾಡಿ ಅರ್ಧ ಚಲನೆಯನ್ನು ಎಸೆಯುತ್ತವೆ. ಕ್ಯುಟಿಜಿಎಂಸಿಯಂಥ ತಂತ್ರಾಂಶದಲ್ಲಿ 59.94ಕ್ಕೆ ತೆಗೆಯಬೇಕು. ಫೀಲ್ಡುಗಳ ಕ್ರಮವನ್ನೂ ನೋಡಿ: ಅನಲಾಗ್ ಕ್ಯಾಪ್ಚರ್ ಸಾಧನದಲ್ಲಿ ಸಾಮಾನ್ಯವಾಗಿ ಮೇಲಿನದು ಮೊದಲು, ಡಿವಿ ಎಂಬ ಡಿಜಿಟಲ್ ರೂಪದಲ್ಲಿ ಕೆಳಗಿನದು ಮೊದಲು. ತಪ್ಪಿದರೆ ನಡೆಯುವವರು ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹಾಕಿದಂತೆ ತಡವರಿಸುತ್ತಾರೆ. ತಳದ ಹತ್ತು ಗೆರೆಗಳ ಗದ್ದಲಕ್ಕೆ ಕಪ್ಪು ಪಟ್ಟಿ ಹಾಕಿದರೆ ಸಾಕು. ಚಿತ್ರ ದೊಡ್ಡದು ಮಾಡುವ ಹೊಸ ಎಐ ಉಪಕರಣಗಳ ಗೊಡವೆ ಬೇಡ, ಸುಮಾರು 240 ಗೆರೆಗಳ ವಿವರದಿಂದ ಅವು ಇಲ್ಲದ ಚರ್ಮ ಹುಟ್ಟಿಸಿ ಮುಖಗಳನ್ನು ಮೇಣದ ಗೊಂಬೆ ಮಾಡುತ್ತವೆ. ಮೂಲ ಕ್ಯಾಪ್ಚರನ್ನು ಅಳಿಸದೆ ಇಡಿ. ಕಡತದ ಹೆಸರು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿರಲಿ, ತಾನಾಗಿಯೇ ಸಾಲಿಗೆ ಬರುತ್ತವೆ.

ಉಳಿದದ್ದು ಕೊನೆಯ ಗಂಟೆಗಳ ಮಾತು. ವಾರದ ಕೊನೆಯ ಕಂತು ಮುಗಿದು ತೆರೆಯ ಮೇಲೆ ಗದ್ದಲ ಎದ್ದಾಗ ಸ್ಟಾಪ್ ಒತ್ತಬೇಡಿ. ರಜೆಯ ವಾರದಲ್ಲಿ ರೆಕಾರ್ಡ್ ಆದದ್ದು ನಾಲ್ಕೇ ಗಂಟೆ. ಅದರಾಚೆ ಟೇಪನ್ನು ಯಾರೂ ಮುಟ್ಟಿಲ್ಲ, ಹಾಗಾಗಿ ಐದನೇ ಗಂಟೆಯಲ್ಲಿ ಹಿಂದಿನ ವಾರದ ಶುಕ್ರವಾರ ಹಾಗೇ ಇರುತ್ತದೆ, ಮೊದಲ ಒಂದೆರಡು ನಿಮಿಷ ಮಾತ್ರ ಹೋಗಿರುತ್ತದೆ. ಗೆರೆಗಳು ಕದಲಿ ನಿಂತು ಚಿತ್ರ ಕೂಡಿಕೊಂಡಾಗ ಪಾತ್ರಗಳು ಬೇರೆ ಬಟ್ಟೆಯಲ್ಲಿರುತ್ತವೆ. ಬೆಳಗ್ಗೆ ಟೇಪಿನ ಮೊದಲ ದೃಶ್ಯದಲ್ಲಿ ಬಾಗಿಲು ತೆರೆದು ನಿಂತಿದ್ದವಳು ಯಾರನ್ನು ಕಂಡು ಹಾಗೆ ಬೆಚ್ಚಿದ್ದಳು ಎಂಬುದು, ಬಾಗಿಲು ಬಡಿಯುವ ಸದ್ದಿನೊಂದಿಗೆ, ಈಗ ಬರುತ್ತದೆ.