ಫ್ರಿಜ್ ಆಫ್ ಮಾಡಿ, ಶೂಟಿಂಗ್ ಇದೆ

ಕಡಿಮೆ ದುಡ್ಡಿನಲ್ಲಿ ಮಾಡಿದ ಸಿನಿಮಾ ಅಂದರೆ ನನಗೆ ಮೊದಲಿನಿಂದಲೂ ಒಂದು ಸೆಳೆತ. ಅದರಲ್ಲೂ ಒಂದು ಥರದ್ದು ಸಿಕ್ಕರೆ ಬಿಡುವುದಿಲ್ಲ. ಅದರಲ್ಲಿ ಸ್ಟಾರ್ ಇರುವುದಿಲ್ಲ, ಹೊಡೆದಾಟ ಇರುವುದಿಲ್ಲ. ಒಂದೇ ಕೆಲಸ ಮಾಡಿ ಮಾಡಿ ಜಡ್ಡುಗಟ್ಟಿದ ಯಾರೋ ಒಬ್ಬರು ಇರುತ್ತಾರೆ. ಎಲ್ಲಿಂದಲೋ ಅವರಿಗೊಂದು ಹುರುಪು ಬರುತ್ತದೆ. ಹಾಡುತ್ತಾರೆ, ಬರೆಯುತ್ತಾರೆ, ಏನನ್ನೋ ಕಲಿಯಲು ಹೊರಡುತ್ತಾರೆ. ಇಷ್ಟೇ ಕತೆ. ನೋಡಿದ ಮೇಲೆ ಒಂದೆರಡು ದಿನ ನನಗೂ ಏನಾದರೂ ಮಾಡಬೇಕು ಅನ್ನಿಸುತ್ತದೆ. ಆಮೇಲೆ ಹೋಗುತ್ತದೆ, ಆ ಮಾತು ಬೇರೆ.

ಹಾಗಾಗಿ ಗೆಳೆಯನ ಮಗ ಬಂದು, "ಅಂಕಲ್, ನಿಮ್ಮ ಮನೆ ಒಂದು ದಿನಕ್ಕೆ ಶೂಟಿಂಗಿಗೆ ಬೇಕಿತ್ತು, ಬಾಡಿಗೆ ಮಾತ್ರ ಕೇಳಬೇಡಿ" ಅಂದಾಗ ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಇಂಥ ಸಿನಿಮಾ ಹೇಗೆ ಹುಟ್ಟುತ್ತದೆ ಅಂತ ಹತ್ತಿರದಿಂದ ನೋಡುವ ಆಸೆ ಇತ್ತು. ಮನೆಯವರು ಮಾತ್ರ, "ಸೋಫಾ ಮೇಲೆ ಯಾರೂ ನಿಂತ್ಕೋಬಾರದು" ಅಂತ ಒಂದು ಷರತ್ತು ಹಾಕಿದರು.

ಅವನ ಕತೆ ಹೀಗಿತ್ತು. ಬಟ್ಟೆ ಹೊಲಿಯುವ ಒಬ್ಬ ಹೆಂಗಸು. ವಯಸ್ಸು ಐವತ್ತು ದಾಟಿದೆ. ಬೇರೆಯವರ ಅಳತೆಗೆ ಕತ್ತರಿಸಿ, ಬೇರೆಯವರಿಗೆ ಬೇಕಾದ ಹಾಗೆ ಹೊಲಿದು ಕೊಟ್ಟಿದ್ದೇ ಅವಳ ಬದುಕು. ಒಂದು ರಾತ್ರಿ ಸುಮ್ನೆ ಕೂತಿದ್ದಾಗ ಚಿತ್ರ ಬಿಡಿಸಲು ಶುರು ಮಾಡುತ್ತಾಳೆ. ಮೊದಲು ಬರೆದುಕೊಂಡಿದ್ದ ಕೊನೆಯ ದೃಶ್ಯದಲ್ಲಿ ಅವಳ ಚಿತ್ರಗಳ ಪ್ರದರ್ಶನ ನಡೆಯುತ್ತದೆ. ಜನ ಸೇರುತ್ತಾರೆ, ಚಪ್ಪಾಳೆ ಬೀಳುತ್ತದೆ, ಅವಳ ಕಣ್ಣಲ್ಲಿ ನೀರು. ಓದಿದಾಗ ನನಗೆ ಸಪ್ಪೆ ಅನ್ನಿಸಿತ್ತು. ಆದರೆ ಹುಡುಗನ ಉತ್ಸಾಹಕ್ಕೆ ತಣ್ಣೀರು ಎರಚುವುದು ಯಾಕೆ ಅಂತ ಸುಮ್ಮನಿದ್ದೆ. ಆ ದೃಶ್ಯದ ಗತಿ ಏನಾಯಿತು ಅಂತ ಆಮೇಲೆ ಹೇಳುತ್ತೇನೆ.

ಬೆಳಗ್ಗೆ ಇನ್ನೂ ಕತ್ತಲು ಇರುವಾಗಲೇ ಬಂದರು. ದೊಡ್ಡ ವ್ಯಾನು, ಜನರೇಟರ್ ಎಲ್ಲ ಬರುತ್ತೆ ಅಂದುಕೊಂಡಿದ್ದೆ. ಬಂದಿದ್ದು ಒಂದು ಕಾರು, ಒಂದು ಬೈಕು. ಒಂದು ಸಣ್ಣ ಕ್ಯಾಮೆರಾ, ಎರಡು ಲೆನ್ಸ್, ಒಂದು ಮೈಕು, ಉದ್ದ ಕೋಲು, ದಪ್ಪನೆಯ ಥರ್ಮೋಕೋಲ್ ಹಲಗೆ. ಕ್ಯಾಮೆರಾ ಹಿಡಿಯುವವನೇ ಮಧ್ಯೆ ಮಧ್ಯೆ ಮೇಕಪ್ ಬಾಕ್ಸೂ ಹಿಡಿಯುತ್ತಿದ್ದ. ಟ್ರಾಲಿ ಎಲ್ಲಿ ಅಂತ ಕೇಳಿದರೆ ನನ್ನ ಮೇಜಿನ ಮುಂದಿನ ಚಕ್ರದ ಕುರ್ಚಿ ತೋರಿಸಿದರು. ಕ್ಯಾಮೆರಾದವನು ಅದರಲ್ಲಿ ಕೂತ, ಇನ್ನೊಬ್ಬ ತಳ್ಳಿದ. ನನಗೆ ಮಹಾರಾಷ್ಟ್ರದ ಮಾಲೆಗಾಂವ್ ನೆನಪಾಯಿತು. ಅಲ್ಲಿ ಮಗ್ಗದ ಕೆಲಸದವರು ಸೇರಿಕೊಂಡು ದೊಡ್ಡ ಸಿನಿಮಾಗಳ ಅಣಕು ಸಿನಿಮಾ ಮಾಡುತ್ತಿದ್ದರು. ಟ್ರಾಲಿಗೆ ಸೈಕಲ್ಲು, ಕ್ರೇನಿಗೆ ಎತ್ತಿನ ಗಾಡಿ. ಅವರ ಮೇಲೆ 2008ರಲ್ಲಿ ಫೈಜಾ ಅಹ್ಮದ್ ಖಾನ್ ಒಂದು ಸಾಕ್ಷ್ಯಚಿತ್ರ ಮಾಡಿದರು. ಇಡೀ ದಿನ ಮಗ್ಗದ ಮುಂದೆ ನಿಂತವನು ಸಂಜೆ ಸೂಪರ್‌ಮ್ಯಾನ್ ಆಗುವುದನ್ನು ಅದರಲ್ಲಿ ನೋಡಬೇಕು. ನಗುತ್ತಲೇ ಗಂಟಲು ಕಟ್ಟುತ್ತದೆ.

ಸೌಂಡ್ ಹುಡುಗ ಬಂದವನೇ ಮನೆಯೆಲ್ಲ ಸುತ್ತಿದ. ಫ್ಯಾನ್ ಆರಿಸಿದ, ಗೋಡೆ ಗಡಿಯಾರ ಇಳಿಸಿದ, ಅಡುಗೆಮನೆಗೆ ಹೋಗಿ ಫ್ರಿಜ್ ಆಫ್ ಮಾಡಿದ. ಆಮೇಲೆ ಜೇಬಿನಿಂದ ಬೈಕಿನ ಕೀ ತೆಗೆದು ಫ್ರಿಜ್ ಒಳಗೆ ಇಟ್ಟ. ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆ. "ಸರ್, ಹೋಗುವಾಗ ಕೀ ಬೇಕಲ್ವಾ? ಆಗ ಫ್ರಿಜ್ ಆನ್ ಮಾಡೋದು ಮರೆಯಲ್ಲ" ಅಂದ. ಸೌಂಡ್ ಮಾಡುವವರ ಹಳೇ ಉಪಾಯವಂತೆ. ಆಫ್ ಮಾಡುವ ಮೊದಲು ಕಿವಿಗೆ ಹೆಡ್‌ಫೋನ್ ಹಾಕಿ ನನಗೂ ಕೇಳಿಸಿದ್ದ. ಫ್ರಿಜ್ ಅಷ್ಟೊಂದು ಗುಂಯ್ಗುಡುತ್ತದೆ ಅಂತ ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಈ ಹುಡುಗ ಹೇಳಿದ ಒಂದು ಮಾತು ನಿಜ. ಚಿತ್ರ ಸ್ವಲ್ಪ ಮಸುಕಾದರೂ ನೋಡುವವರು ಸಹಿಸಿಕೊಳ್ಳುತ್ತಾರೆ, ಮಾತು ಸರಿಯಾಗಿ ಕೇಳದಿದ್ದರೆ ಎದ್ದು ಹೋಗುತ್ತಾರೆ. ಕಡಿಮೆ ದುಡ್ಡಿನ ಸಿನಿಮಾಗಳಲ್ಲಿ ಮುಕ್ಕಾಲು ಪಾಲು ಸೋಲುವುದು ಇಲ್ಲೇ ಅನ್ನುವುದು ನನ್ನ ಅನುಭವ. 2015ರಲ್ಲಿ ಬಂದ ‘ಟ್ಯಾಂಜರೀನ್’ ಸಿನಿಮಾವನ್ನು ಶಾನ್ ಬೇಕರ್ ಐಫೋನ್ 5ಎಸ್‌ನಲ್ಲಿ ತೆಗೆದ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಶಬ್ದವನ್ನು ಫೋನಿನ ಮೈಕಿಗೆ ಬಿಟ್ಟಿರಲಿಲ್ಲ, ಬೇರೆ ಮೈಕುಗಳಲ್ಲೇ ರೆಕಾರ್ಡ್ ಮಾಡಿದ್ದರು. ಫೋನಿನಲ್ಲಿ ಸಿನಿಮಾ ಮಾಡುತ್ತೇನೆ ಅಂತ ಹೊರಡುವವರು ಈ ಅರ್ಧವನ್ನು ಕೇಳಿಸಿಕೊಂಡಿರುವುದಿಲ್ಲ.

ನನಗೆ ಸಿಕ್ಕ ಕೆಲಸ ಥರ್ಮೋಕೋಲ್ ಹಿಡಿಯುವುದು. ಕಿಟಕಿಯ ಬೆಳಕು ಅದಕ್ಕೆ ಬಡಿದು ಮುಖದ ಕತ್ತಲ ಭಾಗಕ್ಕೆ ಮೆತ್ತಗೆ ಬೀಳಬೇಕು. ಸ್ವಲ್ಪ ವಾಲಿಸಿದರೂ "ಅಂಕಲ್, ಲೈಟ್ ಹೋಯ್ತು" ಅನ್ನುವ ಕೂಗು. ಸುಬ್ರತ ಮಿತ್ರ ನೆನಪಾದರು. ಸತ್ಯಜಿತ್ ರಾಯ್ ಅವರ ಮೊದಲ ಸಿನಿಮಾಕ್ಕೆ ಕ್ಯಾಮೆರಾ ಹಿಡಿದಾಗ ಅವರಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ, ಅದಕ್ಕೆ ಮೊದಲು ಮೂವಿ ಕ್ಯಾಮೆರಾ ಮುಟ್ಟಿರಲಿಲ್ಲ. 1956ರ ‘ಅಪರಾಜಿತೋ’ದಲ್ಲಿ ಕಾಶಿಯ ಮನೆಯ ಅಂಗಳವನ್ನು ಸೆಟ್ ಹಾಕಿದಾಗ, ಮೇಲೆ ಬಿಳಿ ಬಟ್ಟೆ ಕಟ್ಟಿ ಅದಕ್ಕೆ ಬಡಿದು ಬರುವ ಬೆಳಕಲ್ಲಿ ಚಿತ್ರ ತೆಗೆದರು. ನೋಡಿದರೆ ನಿಜವಾದ ಆಕಾಶದ ಬೆಳಕೇ. ನನ್ನ ಕೈ ನಡುಗುವಾಗಲೆಲ್ಲ ಆ ಬಟ್ಟೆ ಕಟ್ಟಿದವರನ್ನು ನೆನೆಸಿಕೊಂಡೆ. ಬಟ್ಟೆಗೆ ಕೈ ನೋಯಲ್ಲ, ಅದೊಂದು ಅನುಕೂಲ.

ಮುಖ್ಯ ಪಾತ್ರ ಮಾಡಿದವರು ನಿಜವಾಗಿಯೂ ಹೊಲಿಗೆ ಕೆಲಸದವರು. ಹಿಂದೆಂದೂ ನಟಿಸಿದವರಲ್ಲ. ಎಲ್ಲರೂ ಅಕ್ಕ ಅಂತ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ತಮ್ಮ ಹೊಲಿಗೆ ಮಿಷನ್ನನ್ನೇ ತಂದಿದ್ದರು. ಬೇರೆ ಮಿಷನ್ ಮೇಲೆ ಕೂತರೆ ಕಾಲು ಓಡಲ್ಲವಂತೆ. ಮಿಷನ್ ಮೇಲೆ ಹೊಲಿಯುವ ಶಾಟುಗಳು ಸಲೀಸಾಗಿ ಮುಗಿದವು. ನೂಲಿನ ತುದಿಯನ್ನು ತುಟಿಗೆ ಒತ್ತಿ, ಕಣ್ಣು ಕಿರಿದು ಮಾಡಿ, ಒಂದೇ ಸಲಕ್ಕೆ ಸೂಜಿಗೆ ಪೋಣಿಸಿದರು. ಎಂಥ ದೊಡ್ಡ ನಟಿಗೂ ಇದಕ್ಕೆ ತಿಂಗಳ ಅಭ್ಯಾಸ ಬೇಕು.

ಮಧ್ಯಾಹ್ನದ ಹೊತ್ತಿಗೆ ಚಿತ್ರ ಬಿಡಿಸುವ ದೃಶ್ಯ ಬಂತು. ಅಲ್ಲಿ ಕೆಟ್ಟಿತು.

ಮೇಜಿನ ಮೇಲೆ ಬಿಳಿ ಹಾಳೆ, ಕೈಯಲ್ಲಿ ಪೆನ್ಸಿಲ್. ಅವಳು ಮೊದಲ ಗೆರೆ ಎಳೆಯಲು ಹಿಂಜರಿಯಬೇಕು, ಆಮೇಲೆ ಎಳೆಯಬೇಕು. ಗೆಳೆಯನ ಮಗ ಬಿಡಿಸಿ ಬಿಡಿಸಿ ಹೇಳಿದ. ಆಕ್ಷನ್ ಅಂದ ಕೂಡಲೇ ಅಕ್ಕನ ಭುಜ ಬಿಗಿಯಿತು. ಬೆರಳುಗಳು ಪೆನ್ಸಿಲ್ಲನ್ನು ಹಿಸುಕಿದವು. ಪೆನ್ಸಿಲ್ ಹಾಳೆಯ ಮೇಲೆ ಇಳಿಯಿತು, ನಿಂತಿತು, ಚೂರು ಜರುಗಿತು. ಹಿಂಜರಿಕೆ ಇತ್ತು, ಆದರೆ ಅದು ಸಿನಿಮಾದ ಹೆಂಗಸಿನದ್ದಲ್ಲ, ಕ್ಯಾಮೆರಾ ಮುಂದೆ ಕೂತವರದ್ದು. ಮತ್ತೊಂದು ಟೇಕ್. ಇನ್ನೊಂದು. ಕಿಟಕಿಯ ಬೆಳಕು ಗೋಡೆ ಮೇಲೆ ಜರುಗುತ್ತಿತ್ತು. ಕ್ಯಾಮೆರಾದವನು ಗಡಿಯಾರ ನೋಡಲು ತಲೆ ಎತ್ತಿದ, ಗಡಿಯಾರ ಗೋಡೆ ಮೇಲೆ ಇರಲಿಲ್ಲ.

ಅಕ್ಕ ಪೆನ್ಸಿಲ್ ಕೆಳಗಿಟ್ಟರು. "ಇದು ನಂಗೆ ಹಿಡಿಯಕ್ಕೇ ಬರಲ್ಲ ಕಣಪ್ಪ. ಸ್ಕೂಲ್ ಬಿಟ್ಟ ಮೇಲೆ ಹಿಡಿದೇ ಇಲ್ಲ" ಅಂದರು. ಸೆರಗಿನ ಗಂಟು ಬಿಚ್ಚಿ ಒಂದು ತುಂಡು ಮಾರ್ಕಿಂಗ್ ಚಾಕ್ ತೆಗೆದರು. ಬಳಸಿ ಬಳಸಿ ತೆಳ್ಳಗಾಗಿ, ಒಂದು ಅಂಚು ಕತ್ತಿಯ ಹಾಗೆ ಚೂಪಾಗಿತ್ತು. ಪಕ್ಕದಲ್ಲಿದ್ದ ಕಪ್ಪು ಲೈನಿಂಗ್ ಬಟ್ಟೆಯನ್ನು ಮೇಜಿನ ಮೇಲೆ ಹರಡಿದರು. ಎಡ ಅಂಗೈಯಿಂದ ಒಂದು ಸಲ ಸವರಿ ಸುಕ್ಕು ತೆಗೆದರು. ಆಮೇಲೆ ತೋಳಿನ ಬಗಲು ಕತ್ತರಿಸಲು ಗುರುತು ಹಾಕುತ್ತಾರಲ್ಲ, ಅದೇ ಬಾಗಿದ ಗೆರೆಯನ್ನು ಒಂದೇ ಎಳೆತಕ್ಕೆ ಎಳೆದರು. ಪಕ್ಕದಲ್ಲಿ ಇನ್ನೊಂದು. ಮೂರನೆಯದು ಅವೆರಡನ್ನೂ ಕೂಡಿಸಿತು. ಕತ್ತು ಹಿಂದಕ್ಕೆ ತಿರುಗಿಸಿ ಕೂತ ಹಕ್ಕಿ! ಚಾಕಿನ ಪುಡಿಯನ್ನು ಊದಿ, ಬೆರಳ ತುದಿಯಿಂದ ಅದರ ಕಣ್ಣನ್ನು ಒತ್ತಿದರು.

ಯಾರೂ ಕಟ್ ಅನ್ನಲಿಲ್ಲ. ಅಸಲಿಗೆ ಆಕ್ಷನ್ ಅಂತಲೂ ಯಾರೂ ಅಂದಿರಲಿಲ್ಲ. ಕ್ಯಾಮೆರಾದವನು ಆಫ್ ಮಾಡದೆ ಬಿಟ್ಟಿದ್ದರಿಂದ ಅದು ಉಳಿಯಿತು.

ಹುಡುಗ ಸ್ಕ್ರಿಪ್ಟ್ ತೆಗೆದು ಅಲ್ಲೇ ಗೀಚಿದ. ಕಾಗದ, ಪೆನ್ಸಿಲ್ ಎಲ್ಲ ಹೋಯಿತು. ಸಿನಿಮಾದ ಹೆಂಗಸು ಇನ್ನು ಚಾಕಿನಲ್ಲೇ ಬಿಡಿಸುತ್ತಾಳೆ, ಬಟ್ಟೆಯ ಮೇಲೇ. ಇಡೀ ಕತೆ ಅಲ್ಲಿಂದ ತಿರುಗಿತು. ಅವಳಿಗೆ ಹೊಸದು ಹುಟ್ಟಿದ್ದು ಹಳೇ ಕೆಲಸದ ಒಳಗಿನಿಂದಲೇ. ಎಷ್ಟೋ ಸಾವಿರ ಸಲ ಎಳೆದ ಗೆರೆ ಅದು. ಒಂದು ದಿನ ಅದಕ್ಕೆ ಕತ್ತರಿ ಹಾಕಲಿಲ್ಲ, ಅಷ್ಟೇ.

ಈ ಥರದ ಸಿನಿಮಾಗಳಲ್ಲಿ ನನಗೆ ಹಿಡಿಸುವುದು ಏನು ಅಂತ ಅಲ್ಲಿ ಥರ್ಮೋಕೋಲ್ ಹಿಡಿದು ನಿಂತಾಗ ಸ್ಪಷ್ಟವಾಯಿತು. ದುಡ್ಡು ಕಡಿಮೆ ಇದ್ದಾಗ ಕ್ಯಾಮೆರಾ ಊರೂರು ಅಲೆಯುವ ಹಾಗಿಲ್ಲ. ಇರುವ ಮನುಷ್ಯನನ್ನೇ, ಅವನ ಕೈಯನ್ನೇ ನೋಡುತ್ತಾ ಕೂರಬೇಕು. ‘ಒನ್ಸ್’ ನೋಡಿ. 2007ರಲ್ಲಿ ಬಂದ ಐರ್ಲೆಂಡಿನ ಸಿನಿಮಾ, ಜಾನ್ ಕಾರ್ನಿ ಮಾಡಿದ್ದು. ಶೂಟಿಂಗ್ ನಡೆದಿದ್ದು ಬರೀ 17 ದಿನ. ಡಬ್ಲಿನ್ ಬೀದಿಗಳಲ್ಲಿ ದೂರದಿಂದ ಉದ್ದ ಲೆನ್ಸ್ ಇಟ್ಟು ತೆಗೆದಿದ್ದರಿಂದ ಓಡಾಡುವವರಿಗೆ ಸಿನಿಮಾ ನಡೆಯುತ್ತಿದೆ ಅಂತ ಗೊತ್ತೇ ಆಗುತ್ತಿರಲಿಲ್ಲ. ವ್ಯಾಕ್ಯೂಮ್ ಕ್ಲೀನರ್ ರಿಪೇರಿ ಮಾಡುತ್ತಾ ಬೀದಿಯಲ್ಲಿ ಹಾಡುವ ಒಬ್ಬ, ಅವನಿಗೆ ಸಿಗುವ ಒಬ್ಬಳು. ಇಬ್ಬರಿಗೂ ಹೆಸರೇ ಇಲ್ಲ. ಕೂಡಿ ಹಾಡು ಕಟ್ಟುತ್ತಾರೆ, ರೆಕಾರ್ಡ್ ಮಾಡುತ್ತಾರೆ, ಅವನು ಲಂಡನ್ನಿಗೆ ಹೊರಡುತ್ತಾನೆ. ಹೆಸರು ಮಾಡಿದನಾ, ಇಲ್ಲವಾ? ಸಿನಿಮಾ ಹೇಳುವುದೇ ಇಲ್ಲ. ಅದರ ಹಾಡಿಗೆ 2008ರಲ್ಲಿ ಆಸ್ಕರ್ ಬಂತು, ಆದರೆ ಅದು ಸಿನಿಮಾದ ಹೊರಗಿನ ಕತೆ.

ಊಟದ ಹೊತ್ತಿನಲ್ಲಿ ಹುಡುಗ ತಾನಾಗಿಯೇ ಬಾಯಿಬಿಟ್ಟ. ಪ್ರದರ್ಶನದ ದೃಶ್ಯ ಕೈಬಿಟ್ಟಿದ್ದನಂತೆ. ಕಾರಣ ಕಲೆ ಗಿಲೆ ಏನಲ್ಲ. ಚಪ್ಪಾಳೆ ತಟ್ಟಲು ಐವತ್ತು ಜನ ಬೇಕು. ಐವತ್ತು ಜನಕ್ಕೆ ಊಟ, ಓಡಾಟ, ಹಾಲ್ ಬಾಡಿಗೆ. ಲೆಕ್ಕ ಹಾಕಿದರೆ ಉಳಿದ ಇಡೀ ಸಿನಿಮಾದ ಖರ್ಚನ್ನು ಮೀರುತ್ತಿತ್ತು. "ಎಂಡಿಂಗೇ ಇಲ್ಲ ಅಂಕಲ್ ಈಗ" ಅಂತ ಮುಖ ಸಪ್ಪಗೆ ಮಾಡಿಕೊಂಡ. ನಾನು ಮನಸ್ಸಿನಲ್ಲೇ ಅವನ ಬಡತನಕ್ಕೆ ಕೈ ಮುಗಿದೆ. ಹೊಸ ಹುರುಪು ಬಂದವರೆಲ್ಲ ಕೊನೆಗೆ ವೇದಿಕೆ ಹತ್ತಲೇಬೇಕು ಅನ್ನುವ ಸಿನಿಮಾಗಳು ನನಗೆ ಸುಳ್ಳು ಅನ್ನಿಸುತ್ತವೆ. ನೋಡುವವರಲ್ಲಿ ವೇದಿಕೆ ಹತ್ತುವವರು ಎಷ್ಟು ಜನ ಹೇಳಿ?

ಹಾಗಂತ ಬಡತನವನ್ನು ತಲೆ ಮೇಲೆ ಹೊತ್ತು ಮೆರೆಸುವವನೂ ನಾನಲ್ಲ. ಸೌಂಡ್ ಹುಡುಗ ರಾತ್ರಿ ಪಾಳಿ ಕೆಲಸ ಮುಗಿಸಿ ನಿದ್ದೆ ಇಲ್ಲದೆ ಬಂದಿದ್ದ. ಕ್ಯಾಮೆರಾದವನಿಗೆ ಹಿಂದಿನ ಸಿನಿಮಾದ್ದೇ ಬಾಕಿ ಇತ್ತಂತೆ, ಯಾವ ಸಿನಿಮಾ ಅಂತ ನಾನು ಕೇಳಲಿಲ್ಲ. ಗೆಳೆಯರು ಅನ್ನುವ ಕಾರಣಕ್ಕೆ ಬಿಟ್ಟಿ ದುಡಿಸಿ ಅದನ್ನು ಕಲೆಯ ಮೇಲಿನ ಪ್ರೀತಿ ಅನ್ನುವುದು ಎಷ್ಟು ದಿನ ನಡೆಯುತ್ತದೆ? ರೀಮಾ ದಾಸ್ ಇದಕ್ಕೆ ಬೇರೆ ದಾರಿ ಹಿಡಿದರು. 2017ರ ‘ವಿಲೇಜ್ ರಾಕ್‌ಸ್ಟಾರ್ಸ್’ಗೆ ಬರವಣಿಗೆ, ನಿರ್ದೇಶನ, ಕ್ಯಾಮೆರಾ, ಸಂಕಲನ, ದುಡ್ಡು ಎಲ್ಲ ಅವರದ್ದೇ. ಗಿಟಾರ್ ಬೇಕು ಅಂತ ಕನಸು ಕಾಣುವ ಅಸ್ಸಾಮಿನ ಹಳ್ಳಿ ಹುಡುಗಿಯ ಕತೆ ಅದು. ಆ ಹುಡುಗಿ ಥರ್ಮೋಕೋಲಿನಲ್ಲೇ ಗಿಟಾರ್ ಮಾಡಿಕೊಳ್ಳುತ್ತಾಳೆ. 2018ರಲ್ಲಿ ಅದಕ್ಕೆ ಅತ್ಯುತ್ತಮ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿ ಬಂತು. ಎಲ್ಲವನ್ನೂ ಒಬ್ಬರೇ ಮಾಡುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಸಂಜೆ ಒಂದು ಸಣ್ಣ ಜಗಳವೂ ಆಯಿತು. ಅಕ್ಕ ಹೊಲಿಯುವಾಗ ರೇಡಿಯೋದಲ್ಲಿ ಹಳೇ ಹಾಡೊಂದು ಕೇಳಬೇಕು ಅಂತ ಹುಡುಗನ ಆಸೆ. ಸೌಂಡ್ ಹುಡುಗ ಖಡಾಖಂಡಿತವಾಗಿ ಬೇಡ ಅಂದ. ಹಕ್ಕು ಇರುವವರನ್ನು ಹುಡುಕಿ ಒಪ್ಪಿಗೆ ಪಡೆಯದೆ ಹಾಡು ಹಾಕಿದರೆ ಸಿನಿಮಾವನ್ನು ಎಲ್ಲೂ ತೋರಿಸಲು ಆಗುವುದಿಲ್ಲ. ಚಾರ್ಲ್ಸ್ ಬರ್ನೆಟ್ ಅವರ ‘ಕಿಲ್ಲರ್ ಆಫ್ ಶೀಪ್’ಗೆ ಇದೇ ಆಗಿತ್ತು. ಲಾಸ್ ಏಂಜಲೀಸ್‌ನಲ್ಲಿ ಓದುತ್ತಿದ್ದಾಗ, 1970ರ ದಶಕದಲ್ಲಿ, ವಾರಾಂತ್ಯಗಳಲ್ಲಿ ಶೂಟಿಂಗ್ ಮಾಡಿ, 10,000 ಡಾಲರಿಗೂ ಕಡಿಮೆ ಖರ್ಚಿನಲ್ಲಿ ಮುಗಿಸಿದ ಸಿನಿಮಾ. ಅದರಲ್ಲಿನ ಹಾಡುಗಳ ಹಕ್ಕಿನ ತೊಡಕಿನಿಂದ ಥಿಯೇಟರಿಗೆ ಬಂದಿದ್ದು 2007ರಲ್ಲಿ. ಇದನ್ನು ಕೇಳಿ ಹುಡುಗ ತಣ್ಣಗಾದ. "ನಾನು ಹೊಲಿಯುವಾಗ ಏನೋ ಗುನುಗ್ತೀನಿ, ಅದು ಯಾರದ್ದೂ ಅಲ್ಲ, ಆಗುತ್ತಾ?" ಅಂತ ಅಕ್ಕ ಕೇಳಿದರು. ಗುನುಗಿದರು. ರಾಗವೂ ಇಲ್ಲ, ಮಾತೂ ಇಲ್ಲ, ಮಿಷನ್ನಿನ ತಾಳಕ್ಕೆ ಮೂಗಿನಲ್ಲೇ ಏನೋ. ಅದನ್ನೇ ಹಿಡಿದರು.

ಮೊನ್ನೆ ಎಡಿಟ್ ಮಾಡಿದ ಮೊದಲ ಕರಡು ತೋರಿಸಲು ನಮ್ಮನ್ನೆಲ್ಲ ಕರೆದಿದ್ದ. ಲ್ಯಾಪ್‌ಟಾಪ್ ಸುತ್ತ ಕೂತೆವು. ಸಿನಿಮಾ ಮುಗಿಯುವುದು ಹೀಗೆ: ಅವಳು ಮಿಷನ್ ಮುಂದೆ ಕೂತು ಯಾರದ್ದೋ ರವಿಕೆ ಹೊಲಿಯುತ್ತಾಳೆ, ಒಳಗಿನ ಲೈನಿಂಗ್ ಮೇಲೆ ಚಾಕಿನ ಹಕ್ಕಿ ಇದೆ, ಹೊರಗಿನಿಂದ ನೋಡಿದರೆ ಕಾಣುವುದಿಲ್ಲ. ನನಗಂತೂ ಇಷ್ಟವಾಯಿತು. ಹುಡುಗ ಅಕ್ಕನ ಮುಖವನ್ನೇ ನೋಡುತ್ತಿದ್ದ. ಅವರು ತಮ್ಮ ಮುಖದ ಬಗ್ಗೆ, ನಟನೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೊನೆಯ ಶಾಟನ್ನು ಮತ್ತೆ ಹಾಕಿಸಿಕೊಂಡರು. ಪರದೆಯ ಹತ್ತಿರ ಬಗ್ಗಿ ಒಂದು ಕಡೆ ಬೆರಳಿಟ್ಟರು. "ಇಲ್ನೋಡು, ಹೊಲಿಗೆ ಸೊಟ್ಟ ಹೋಗಿದೆ. ಇದನ್ನ ಹೀಗೇ ಬಿಟ್ರೆ ನಾಳೆ ನಂಗೆ ಯಾರು ಬಟ್ಟೆ ಕೊಡ್ತಾರೆ?"

ಯಾರೂ ಗಮನಿಸಲ್ಲ ಅಂತ ಹುಡುಗ ಅಂದ. ಹೊಲಿಗೆ ಗೊತ್ತಿರೋರು ಗಮನಿಸ್ತಾರೆ ಅಂತ ಅವರು ಅಂದರು. ಇನ್ನೊಂದು ದಿನದ ಶೂಟಿಂಗಿಗೆ ದುಡ್ಡಿಲ್ಲ ಅಂದ. ತಾನು ಬಿಟ್ಟಿ ಬರ್ತೀನಿ, ಮಿಷನ್ ಹೊರೋಕೆ ಮಾತ್ರ ಆಟೋ ಕೊಡು ಅಂದರು. ಚೌಕಾಶಿ ಇನ್ನೂ ನಡೆಯುತ್ತಿದೆ.